ಹರಿದ ಡ್ರೋನ್ ಕ್ಯಾಮೆರಾ ಕೇಬಲ್: ಬಳ್ಳಾರಿಯ ಕೌಲ್ ಬಜಾರ್‌ನ ಒಂದು ರಿಪೇರಿ ಅಂಗಡಿಯ ಬಗ್ಗೆ

ಸಂಡೂರಿನಲ್ಲಿ ಮದುವೆಯೊಂದರ ಚಿತ್ರೀಕರಣ ಮುಗಿಸಿ ಡ್ರೋನ್ ಇಳಿಸುವಾಗ, ನನ್ನ ಆತುರದಿಂದಲೇ ಅದು ಕಟ್ಟೆಯ ಅಂಚಿಗೆ ತಗುಲಿ ಮುಂದಕ್ಕೆ ಮಗುಚಿಬಿತ್ತು. ರೆಕ್ಕೆಗಳಿಗೆ ಏನೂ ಆಗಿರಲಿಲ್ಲ. ಆದರೆ ಕ್ಯಾಮೆರಾವನ್ನು ಅಲುಗಾಡದಂತೆ ಹಿಡಿದಿಡುವ ಗಿಂಬಲ್ ಒಂದು ಬದಿಗೆ ಜೋತುಬಿದ್ದು, ಅದರ ತೋಳನ್ನು ಬಳಸಿಕೊಂಡು ಹೋಗುವ ಕಾಗದದಷ್ಟು ತೆಳುವಾದ ಫ್ಲೆಕ್ಸ್ ಕೇಬಲ್ ಅರ್ಧದವರೆಗೆ ಹರಿದಿತ್ತು.

ಮೊದಲು ಹೋದ ಅಂಗಡಿಯಲ್ಲಿ ಹರಿದ ಕೇಬಲ್ ಕಣ್ಣೆದುರೇ ಇದ್ದರೂ ಎರಡು ಸಲ ಬ್ಯಾಟರಿ ಹಾಕಿ ಆನ್ ಮಾಡಿ ನೋಡಿದರು. ಅದು ಎಷ್ಟು ಅಪಾಯದ ಕೆಲಸವೆಂದು ನನಗೆ ತಿಳಿದದ್ದು ಕೌಲ್ ಬಜಾರ್‌ನ ಈ ಚಿಕ್ಕ ಅಂಗಡಿಗೆ ಬಂದ ಮೇಲೆ. ಡ್ರೋನನ್ನು ಮೇಜಿನ ಮೇಲೆ ಇಡುತ್ತಿದ್ದಂತೆಯೇ ಅಲ್ಲಿನ ತಂತ್ರಜ್ಞರು, "ಮೊದ್ಲು ಬ್ಯಾಟರಿ ತೆಗೀರಿ ಸರ್, ಆಮೇಲೆ ಮಾತಾಡೋಣ" ಎಂದರು. ಆ ಸಣ್ಣ ಪಟ್ಟಿಯಲ್ಲಿ ಚಿತ್ರದ ಸಂಕೇತಗಳ ಜೊತೆಗೆ ಕ್ಯಾಮೆರಾಕ್ಕೆ ಬೇಕಾದ ವಿದ್ಯುತ್ತೂ ಹರಿಯುತ್ತದೆ; ಹರಿದ ಜಾಗದಲ್ಲಿ ಎರಡು ಗೆರೆಗಳು ಪರಸ್ಪರ ತಾಗಿದರೆ ಶಾರ್ಟ್ ಆಗಿ, ಕೇಬಲ್‌ನೊಂದಿಗೆ ಮುಗಿಯಬೇಕಾದ ಖರ್ಚು ಮುಖ್ಯ ಬೋರ್ಡಿನವರೆಗೆ ಹೋಗಬಹುದು ಎಂದು ಅವರು ತಾಳ್ಮೆಯಿಂದ ವಿವರಿಸಿದರು. ಬ್ಯಾಟರಿಯ ನಂತರ ರೆಕ್ಕೆಗಳನ್ನೂ ಬಿಚ್ಚಿಟ್ಟರು. ಪರೀಕ್ಷೆಯ ವೇಳೆ ಮೋಟಾರು ಅಕಸ್ಮಾತ್ ತಿರುಗಿದರೂ ಬೆರಳಿಗೆ ಪೆಟ್ಟಾಗಬಾರದು ಎಂಬುದು ಅದರ ಉದ್ದೇಶ.

ನನ್ನ ಮನಸ್ಸಿನಲ್ಲಿದ್ದ ಇನ್ನೊಂದು ತಪ್ಪು ಕಲ್ಪನೆಯನ್ನೂ ಅವರು ತಿದ್ದಿದರು. ಮನೆಯ ವೈರಿನಂತೆ ತುದಿಗಳನ್ನು ಸೇರಿಸಿ ಟೇಪ್ ಸುತ್ತಿದರೆ ಸಾಲದೇ ಎಂದು ಕೇಳಿದ್ದೆ. ಗಿಂಬಲ್ ಪ್ರತಿ ಕ್ಷಣವೂ ತಿರುಗುವುದರಿಂದ ಕೇಬಲ್ ಮಡಚಿ ಬಿಚ್ಚಿಕೊಳ್ಳುತ್ತಲೇ ಇರಬೇಕು, ಬೆಸುಗೆ ಹಾಕಿದ ಜಾಗ ಗಡುಸಾಗಿ ಅಲ್ಲಿಯೇ ಮತ್ತೆ ಮುರಿಯುತ್ತದೆ, ಆದ್ದರಿಂದ ಇಡೀ ಕೇಬಲ್ ಬದಲಿಸುವುದೇ ಸರಿ ಎಂಬ ಅವರ ಉತ್ತರ ನನಗೆ ಒಪ್ಪಿಗೆಯಾಯಿತು. ಹಾಗೆಯೇ ಹಾರಿಸಿದ್ದರೆ ಜೋತಾಡುವ ಕ್ಯಾಮೆರಾ ಕಳಚಿ ಕೆಳಗೆ ನಿಂತವರ ತಲೆಯ ಮೇಲೆ ಬೀಳಬಹುದಿತ್ತು ಎಂಬುದನ್ನು ನೆನೆದರೆ ಈಗಲೂ ಭಯವಾಗುತ್ತದೆ.

ಸಿದ್ಧ ಡ್ರೋನ್‌ಗಳ ಆಮದನ್ನು ಸರ್ಕಾರ 2022ರ ಫೆಬ್ರುವರಿಯಲ್ಲಿ ನಿಷೇಧಿಸಿದರೂ ಬಿಡಿಭಾಗಗಳನ್ನು ಅದರಿಂದ ಹೊರಗಿಟ್ಟಿತ್ತು. ನಮ್ಮಂಥವರು ಹಳೆಯ ಯಂತ್ರವನ್ನೇ ಉಳಿಸಿಕೊಳ್ಳಲು ಸಾಧ್ಯವಾಗಿರುವುದು ಅದರಿಂದ. ಆದರೂ ಕೇಬಲ್ ಬೆಂಗಳೂರಿನಿಂದ ಬರಲು ಒಂಬತ್ತು ದಿನ ಹಿಡಿಯಿತು.

ಕೆಲಸ ನಡೆಯುವಾಗ ನಾನು ಪಕ್ಕದಲ್ಲೇ ಕುಳಿತಿದ್ದೆ. ಬಳ್ಳಾರಿಯ ಬೇಸಿಗೆಯ ಒಣಹವೆಯಲ್ಲಿ ಮೈಯಲ್ಲಿ ಸ್ಥಿರ ವಿದ್ಯುತ್ ಬೇಗ ಸೇರುತ್ತದೆ, ಅದು ಬೋರ್ಡಿನ ಚಿಪ್‌ಗಳಿಗೆ ಹಾನಿ ಮಾಡಬಹುದು ಎಂದು ಅವರು ಮಣಿಕಟ್ಟಿಗೆ ಭೂಸಂಪರ್ಕದ ಪಟ್ಟಿ ಕಟ್ಟಿಕೊಂಡಿದ್ದರು. ಬಿಚ್ಚಿದ ಸ್ಕ್ರೂಗಳನ್ನು ಬಂದ ಕ್ರಮದಲ್ಲೇ ಕಾಗದದ ಮೇಲೆ ಜೋಡಿಸಿಟ್ಟರು. ಚಿಕ್ಕ ಸ್ಕ್ರೂ ಇರಬೇಕಾದ ಕಡೆ ಉದ್ದದ್ದನ್ನು ಬಿಗಿದರೆ ಒಳಗಿನ ಬೋರ್ಡಿಗೆ ತೂತು ಬೀಳುತ್ತದಂತೆ. ಕನೆಕ್ಟರ್‌ಗಳನ್ನು ಲೋಹದ ಚಿಮುಟದಿಂದ ಎಳೆಯದೆ ಪ್ಲಾಸ್ಟಿಕ್ ಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿದರು. ಗಿಂಬಲ್ ಮೋಟಾರಿನ ಸಂದಿಯಲ್ಲಿ ಸಂಡೂರಿನ ಕೆಂಪು ಧೂಳು ಕೂತಿತ್ತು, ಅದನ್ನೂ ಕುಂಚದಿಂದ ತೆಗೆದರು. ಎಲ್ಲ ಜೋಡಿಸಿದ ಮೇಲೆ ರೆಕ್ಕೆಗಳಿಲ್ಲದೆಯೇ ಆನ್ ಮಾಡಿ, ಚಿತ್ರ ಬರುವುದನ್ನು ಖಚಿತಪಡಿಸಿಕೊಂಡು, ಸಮತಟ್ಟಾದ ಮೇಜಿನ ಮೇಲೆ ಗಿಂಬಲ್ ಕ್ಯಾಲಿಬ್ರೇಷನ್, ಅಂದರೆ ಕ್ಯಾಮೆರಾ ಓರೆಯಾಗದೆ ನೇರ ನಿಲ್ಲುವಂತೆ ಹೊಂದಿಸುವ ಕೆಲಸ, ಮಾಡಿದರು.

ಕೇಬಲ್ ಮತ್ತು ಕೂಲಿ ಸೇರಿ 2,600 ರೂಪಾಯಿ ಆಯಿತು. ಮಾಡಿದ ಕೆಲಸಕ್ಕೆ ಇದು ನ್ಯಾಯವಾದ ದರ. ಆದರೆ ಕೊರತೆಗಳೂ ಇವೆ. ಕೇಳುವವರೆಗೂ ರಸೀದಿ ಕೊಡಲಿಲ್ಲ, ಖಾತರಿಯನ್ನು ಬಾಯಿಮಾತಿನಲ್ಲಷ್ಟೇ ಹೇಳಿದರು. ಮರುದಿನ ಹಾರಿಸಿದಾಗ ದಿಗಂತದ ಗೆರೆ ತುಸು ಎಡಕ್ಕೆ ವಾಲಿತ್ತು. ಮತ್ತೆ ಒಯ್ದಾಗ ಬೇಸರಿಸದೆ, ಹಣ ಕೇಳದೆ ಸರಿಪಡಿಸಿಕೊಟ್ಟರು. ಹರಿದ ಹಳೆಯ ಕೇಬಲನ್ನೂ ಚೀಟಿಯಲ್ಲಿ ಸುತ್ತಿ ಹಿಂತಿರುಗಿಸಿದ್ದು ನನಗೆ ತುಂಬ ಹಿಡಿಸಿತು.

ಅಲ್ಲಿಗೆ ಹೋಗುವವರು ಮೆಮೊರಿ ಕಾರ್ಡ್ ತೆಗೆದಿಟ್ಟುಕೊಂಡು, ಬ್ಯಾಟರಿಯನ್ನು ಬೇರ್ಪಡಿಸಿ, ಕ್ಯಾಮೆರಾ ಜೋತಾಡದಂತೆ ಸುತ್ತಲೂ ಮೆತ್ತನೆಯ ಬಟ್ಟೆಯಿಟ್ಟು ಒಯ್ಯಬೇಕು. ಸಂಜೆಯ ಹೊತ್ತು ಮೊಬೈಲ್ ಗಿರಾಕಿಗಳೇ ಹೆಚ್ಚಿರುವುದರಿಂದ ಬೆಳಿಗ್ಗೆ ಹೋಗುವುದು ಒಳ್ಳೆಯದು.