ಲೇಡೀಸ್ ಸೈಕಲ್, ಗೇರ್ ಸೈಕಲ್, ಹೈಬ್ರಿಡ್: ಒಂದೇ ದಾರಿಯಲ್ಲಿ ಮೂರನ್ನೂ ತುಳಿದು ನೋಡಿದೆ

ಹೈಸ್ಕೂಲು ಮುಗಿದ ಮೇಲೆ ನಾನು ಸೈಕಲ್ ಮುಟ್ಟಿರಲಿಲ್ಲ. 2017ರಲ್ಲಿ ಮೈಸೂರಿಗೆ ಟ್ರಿನ್ ಟ್ರಿನ್ ಬಾಡಿಗೆ ಸೈಕಲ್ ಬಂದಾಗಲೇ ಆಸೆಯಾಗಿತ್ತು, ಧೈರ್ಯ ಬಂದಿರಲಿಲ್ಲ. ಈ ವರ್ಷ, 44ನೇ ವಯಸ್ಸಿಗೆ, ಶುರು ಮಾಡಿದೆ. ಕೊಳ್ಳುವ ಮೊದಲು ಮೂರು ಬಗೆಯ ಸೈಕಲ್‌ಗಳನ್ನು ತಲಾ ಎರಡು ವಾರ ಓಡಿಸಿದೆ. ದಾರಿ ಒಂದೇ: ಕುವೆಂಪುನಗರದ ಮನೆಯಿಂದ ಮೈಸೂರು ವಿಶ್ವವಿದ್ಯಾಲಯದ ಕ್ಯಾಂಪಸ್ ಮಾನಸಗಂಗೋತ್ರಿಗೆ ಹೋಗಿ ವಾಪಸ್, ಸುಮಾರು 8 ಕಿ.ಮೀ.

ಮೊದಲಿಗೆ ಪಕ್ಕದ ಮನೆ ಅಕ್ಕನ ಲೇಡೀಸ್ ಸೈಕಲ್. ಭಯ ಬಿಡಿಸಿದ್ದು ಇದೇ. ನಡುವೆ ಅಡ್ಡ ಬಾರ್ ಇಲ್ಲ, ಗಾಬರಿಯಾದರೆ ತಕ್ಷಣ ಕಾಲು ಕೆಳಗಿಡಬಹುದು. ಬೆನ್ನು ನೇರವಾಗಿರುವುದರಿಂದ ಹಿಂದೆ ತಿರುಗಿ ನೋಡುವುದೂ ಸುಲಭ. ಚೈನ್ ಕವರ್ ಇದೆ, ಚೂಡಿದಾರದ ಪ್ಯಾಂಟು ಸಿಕ್ಕಿಕೊಳ್ಳುವುದಿಲ್ಲ. ಮಡ್‌ಗಾರ್ಡ್, ಬುಟ್ಟಿ, ಸ್ಟ್ಯಾಂಡ್ ಎಲ್ಲ ಸೈಕಲ್ ಜೊತೆಗೇ ಬಂದಿವೆ. ಆದರೆ ಗೇರಿಲ್ಲ, ಭಾರ ಜಾಸ್ತಿ. ಕ್ಯಾಂಪಸ್ ಒಳಗಿನ ಏರಿನಲ್ಲಿ ದಿನಾ ಇಳಿದು ತಳ್ಳಿದೆ.

ಆಮೇಲೆ ಮಗನ ಗೇರ್ ಸೈಕಲ್. ದಪ್ಪ ಮುಳ್ಳುಮುಳ್ಳು ಟೈರು, ಮುಂದೆ ಸಸ್ಪೆನ್ಷನ್, 21 ಗೇರು. ನೋಡಲು ಎಷ್ಟು ಚೆಂದ ಅಲ್ವಾ? ತುಳಿದಾಗ ಬೇಸರವಾಯಿತು. ಟಾರು ರಸ್ತೆಯಲ್ಲಿ ಆ ಟೈರು ಗುಂಯ್ ಎನ್ನುತ್ತಾ ಸೈಕಲನ್ನು ಹಿಂದಕ್ಕೆ ಎಳೆಯುತ್ತದೆ. ಏರಿನಲ್ಲಿ ಎದ್ದು ನಿಂತು ತುಳಿದರೆ ಮುಂದಿನ ಸ್ಪ್ರಿಂಗ್ ಕುಣಿಯುತ್ತದೆ, ನನ್ನ ಅರ್ಧ ಶಕ್ತಿ ಅದಕ್ಕೇ ಹೋದಂತೆ ಅನ್ನಿಸುತ್ತಿತ್ತು. 21 ಗೇರಿನಲ್ಲಿ ನಾನು ಬಳಸಿದ್ದು ನಾಲ್ಕೋ ಐದೋ, ಅಷ್ಟೇ. ಪೆಡಲ್ ಹತ್ತಿರದ ಮೂರು ಹಲ್ಲುಚಕ್ರಗಳಲ್ಲಿ ಚೈನನ್ನು ನಡುವಿನದರಲ್ಲೇ ಇಟ್ಟು, ಹಿಂದಿನ ಗೇರನ್ನು ಮಾತ್ರ ಬದಲಿಸಿದರೆ ನಮ್ಮೂರಿನ ರಸ್ತೆಗೆ ಸಾಕು. ಏರು ಶುರುವಾಗುವ ಮುಂಚೆಯೇ ಗೇರು ಇಳಿಸಬೇಕು. ನಡು ಏರಿನಲ್ಲಿ ಒತ್ತಿ ತುಳಿಯುತ್ತಾ ಬದಲಿಸಿದರೆ ಚೈನ್ ಕಟಕಟ ಅನ್ನುತ್ತದೆ, ಕೆಲವೊಮ್ಮೆ ಕಳಚಿಕೊಳ್ಳುತ್ತದೆ. ಮಣ್ಣು ದಾರಿ, ತೋಟದ ದಾರಿ ಇರುವವರಿಗೆ ಇದು ಸರಿ. ನನಗಲ್ಲ.

ಕೊನೆಗೆ ಗೆಳತಿಯ ಹೈಬ್ರಿಡ್, ಅಂದರೆ ರೇಸ್ ಸೈಕಲ್ಲಿಗೂ ದಪ್ಪ ಟೈರಿನ ಸೈಕಲ್ಲಿಗೂ ನಡುವಿನ ಬಗೆ. ಸಸ್ಪೆನ್ಷನ್ ಇಲ್ಲ, ಟೈರು ಸಣ್ಣ, ಹ್ಯಾಂಡಲ್ ನೇರ. ಮೊದಲ ದಿನವೇ ಆ ಏರನ್ನು ಇಳಿಯದೆ ಹತ್ತಿದೆ! ಮೇಲೆ ಹೋಗಿ ನಿಂತು ಸುಮ್ನೆ ನಕ್ಕೆ. ಎರಡು ಕೊರತೆ ಇವೆ. ಟೈರಿಗೆ ಗಾಳಿ ವಾರಕ್ಕೊಮ್ಮೆ ನೋಡಲೇಬೇಕು, ಎಷ್ಟು ಬೇಕೆಂದು ಟೈರಿನ ಪಕ್ಕದಲ್ಲೇ ಬರೆದಿರುತ್ತದೆ. ಗಾಳಿ ಕಡಿಮೆಯಿದ್ದಾಗ ಗುಂಡಿಗೆ ಬಿದ್ದರೆ ರಿಮ್ಮು ಟ್ಯೂಬನ್ನು ಕಚ್ಚಿ ಪಂಕ್ಚರ್ ಆಗುತ್ತದೆ. ನನಗೆ ಒಮ್ಮೆ ಹಾಗೇ ಆಯಿತು. ಇನ್ನೊಂದು, ಮಡ್‌ಗಾರ್ಡ್ ಇಲ್ಲ. ಮಳೆಯಲ್ಲಿ ಬೆನ್ನಿನುದ್ದಕ್ಕೂ ಕೆಸರು.

ಕೊಂಡಿದ್ದು ಹೈಬ್ರಿಡ್ಡೇ, 17 ಸಾವಿರಕ್ಕೆ. ಮಡ್‌ಗಾರ್ಡ್, ಸ್ಟ್ಯಾಂಡ್ ಬೇರೆಯಾಗಿ ಹಾಕಿಸಿದೆ. ಅಂಗಡಿಯಲ್ಲಿ ಮೊದಲು ಕೊಟ್ಟಿದ್ದು ನನ್ನ ಎತ್ತರಕ್ಕೆ ದೊಡ್ಡದು. ನನ್ನದು 5 ಅಡಿ 2 ಇಂಚು. ಆ ಸೈಕಲ್‌ನಲ್ಲಿ ಹ್ಯಾಂಡಲ್ ಹಿಡಿಯಲು ಮುಂದಕ್ಕೆ ಚಾಚಿಕೊಳ್ಳಬೇಕಿತ್ತು, ವಾರದಲ್ಲೇ ಕತ್ತು ಹಿಡಿಯಿತು. ಸಣ್ಣ ಫ್ರೇಮಿಗೆ ಬದಲಿಸಿಕೊಂಡ ಮೇಲೆ ಆ ನೋವು ಹೋಯಿತು. ಹೀಗಾಗಿ ಯಾವ ಬಗೆಯದು ಎಂದು ಕೇಳುವ ಮುಂಚೆ ಅಳತೆ ಕೇಳಿ. ಅಡ್ಡ ಬಾರ್‌ನ ಎರಡೂ ಕಡೆ ಕಾಲು ಹಾಕಿ ನೆಲದ ಮೇಲೆ ನಿಲ್ಲಿ, ಬಾರ್ ಮೈಗೆ ತಾಗಬಾರದು.

ಸೀಟಿನ ವಿಷಯವೂ ಅಷ್ಟೇ. ಭಯಕ್ಕೆ ತೀರಾ ತಗ್ಗಿಸಿಕೊಂಡಿದ್ದೆ, ಮಂಡಿ ನೋಯುತ್ತಿತ್ತು. ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಅಲ್ಲಿಗೆ ಏರಿಸಿ. ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕಿಳಿದು ಕಾಲಿಡುವುದು ಎರಡು ದಿನದಲ್ಲಿ ರೂಢಿಯಾಗುತ್ತದೆ. ತರಕಾರಿ ತರಲು ಮಾತ್ರ ನಾನು ಈಗಲೂ ಅಕ್ಕನ ಬುಟ್ಟಿ ಸೈಕಲ್ಲನ್ನೇ ಕೇಳುತ್ತೇನೆ.