ಬೆಂಗಳೂರಿನ ಗಾಲ್ಫ್ ಸಿಮ್ಯುಲೇಟರ್‌ಗಳು: ಗಂಟೆಯ ಬಾಡಿಗೆ ಕೊಡುವ ಮುನ್ನ

ಬೇ, ಅಂದರೆ ಪರದೆಯತ್ತ ಚೆಂಡು ಹೊಡೆದು ಆಡುವ ಕೋಣೆ, ಬುಕ್ ಮಾಡುವವರು ಸಾಮಾನ್ಯವಾಗಿ ಕೇಳೋದು ಪರದೆಯಲ್ಲಿ ಆಡಲು ಯಾವ ಯಾವ ಗಾಲ್ಫ್ ಕೋರ್ಸ್ ಇದೆ ಅಂತ. ಚೆಂಡನ್ನು ಅಳೆಯುವ ಯಂತ್ರ ಯಾವುದು ಅಂತ ಮೊದಲು ಕೇಳಿ.

ಟ್ರ್ಯಾಕ್‌ಮ್ಯಾನ್ 4 ರಡಾರ್. ಚೆಂಡಿನ ಹಿಂದೆ ಕೂತು ಅದು ಹಾರುವುದನ್ನು ಅಳೆಯುತ್ತೆ, ಹಾಗಾಗಿ ಉದ್ದದ ಕೋಣೆ ಬೇಕು. ಜಾಗ ಕಮ್ಮಿಯಾದರೆ ಸ್ಪಿನ್ (ಚೆಂಡು ತಿರುಗುವ ವೇಗ) ಬರೀ ಅಂದಾಜು. ಅದಕ್ಕೇ ಚೆಂಡಿಗೆ ಪುಟ್ಟ ಲೋಹದ ಸ್ಟಿಕ್ಕರ್ ಅಂಟಿಸಿರುತ್ತಾರೆ. ಕಿತ್ತುಹೋಗಿದ್ದರೆ ಬೇರೆ ಚೆಂಡು ಕೇಳಿ. ಜಿಸಿಕ್ವಾಡ್ ನಾಲ್ಕು ಕ್ಯಾಮೆರಾದ ಡಬ್ಬ, ಚೆಂಡಿನ ಪಕ್ಕ ಇಡೋದು. ಚಿಕ್ಕ ಕೋಣೆಗೆ ಇದೇ ವಾಸಿ. ಆದರೆ ಎಡಗೈ ಆಟಗಾರರು ಬಂದಾಗಲೆಲ್ಲ ಎತ್ತಿ ಆ ಬದಿಗಿಡಬೇಕು. ಗಡಿಬಿಡಿಯಲ್ಲಿ ಎರಡು ಡಿಗ್ರಿ ಓರೆಯಾಯಿತೋ, ನೇರ ಹೊಡೆತವೂ ಪರದೆಯಲ್ಲಿ ಪೊದೆಯ ಕಡೆಗೇ! ಗುಂಪಿನಲ್ಲಿ ಎಡಗೈಯವರಿದ್ದರೆ ಯಂತ್ರವನ್ನು ಸೀಲಿಂಗ್‌ಗೆ ಕೂರಿಸಿದ ಬೇ ಹಿಡಿಯಿರಿ.

ನಮ್ಮೂರಿಗೆ ಇನ್ನೊಂದು ಎಡವಟ್ಟಿದೆ. ಸಾಫ್ಟ್‌ವೇರ್ ಸಮುದ್ರಮಟ್ಟಕ್ಕೆ ಸೆಟ್ ಆಗಿದ್ದರೆ, ಕೆಜಿಎ (ಕರ್ನಾಟಕ ಗಾಲ್ಫ್ ಅಸೋಸಿಯೇಷನ್) ಕೋರ್ಸಿನಲ್ಲಿ 155 ಗಜ ಹೋಗುವ ಹೊಡೆತ ಪರದೆಯಲ್ಲಿ 150ರ ಆಸುಪಾಸಿಗೆ ನಿಲ್ಲುತ್ತೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು. ಆಲ್ಟಿಟ್ಯೂಡ್ 3,000 ಅಡಿ ಹಾಕಿಸಿ; ಅರ್ಧ ನಿಮಿಷದ ಕೆಲಸ.

ಮ್ಯಾಟ್ ಮಾತ್ರ ಯಾವ ಸೆಟ್ಟಿಂಗ್‌ಗೂ ಬಗ್ಗೋದಿಲ್ಲ. ಹುಲ್ಲಿನ ಮೇಲೆ ಕ್ಲಬ್ ಚೆಂಡಿಗಿಂತ ಒಂದಿಂಚು ಹಿಂದೆ ಬಿದ್ದರೆ ಮಣ್ಣು ಹಿಡಿದು ಹೊಡೆತ ಸತ್ತೇ ಹೋಗುತ್ತೆ. ಗಟ್ಟಿ ಮ್ಯಾಟ್ ಮೇಲೆ ಅದೇ ಕ್ಲಬ್ ಜಾರಿ ಚೆಂಡಿಗೆ ತಾಗುತ್ತೆ, ಪರದೆಯಲ್ಲಿ ಚಂದದ ಹೊಡೆತ ಕಾಣುತ್ತೆ. ಹೀಗೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿದವರು ಕೋರ್ಸಿಗಿಳಿದಾಗ ಕಕ್ಕಾಬಿಕ್ಕಿ. ಕಾಂಕ್ರೀಟ್ ಮೇಲೆ ತೆಳು ಮ್ಯಾಟ್ ಹಾಸಿದ್ದರೆ ಮೊಣಕೈಗೂ ಪೆಟ್ಟು. ಹೊಡೆಯುವ ಜಾಗವನ್ನು ಹೆಬ್ಬೆರಳಿಂದ ಒತ್ತಿ ನೋಡಿ: ತಗ್ಗಿ ಮೇಲೇಳಬೇಕು. ಎಳೆ ಸವೆದು ನುಣ್ಣಗೆ ಮಿರುಗುತ್ತಿದ್ದರೆ ಬೇರೆ ಬೇ ಕೇಳಿ.

ಪಟಿಂಗ್ (ಚೆಂಡನ್ನು ಮೆಲ್ಲಗೆ ಉರುಳಿಸಿ ಕುಳಿಗೆ ಹಾಕುವುದು) ಕಲಿಯಲು ಇದು ಜಾಗವೇ ಅಲ್ಲ. ಗಿಮ್ಮಿ, ಅಂದರೆ ಕುಳಿಯ ಹತ್ತಿರ ಬಂದ ಚೆಂಡು ಒಳಗೆ ಬಿತ್ತೆಂದೇ ಲೆಕ್ಕ ಹಿಡಿಯುವ ಸೆಟ್ಟಿಂಗ್, ಹಾಕಿಸಿಕೊಂಡು ಮುಂದೆ ಹೋಗಿ. ಸೀಲಿಂಗ್ 10 ಅಡಿಗಿಂತ ತಗ್ಗಿದ್ದರೆ ಎತ್ತರದವರು ಮೊದಲು ಚೆಂಡಿಲ್ಲದೆ ಡ್ರೈವರ್ (ದೂರದ ಹೊಡೆತದ ಉದ್ದನೆಯ ಕ್ಲಬ್) ಬೀಸಿ ನೋಡಲಿ.

ಬಾಡಿಗೆ ತಲೆಗಿಷ್ಟು ಅಂತಲ್ಲ, ಬೇ ಒಂದಕ್ಕೆ ಇಷ್ಟು ಅಂತ. ಒಬ್ಬರೇ ಆಡಿದರೆ 18 ಹೋಲ್ ಹೆಚ್ಚುಕಮ್ಮಿ ಒಂದು ಗಂಟೆ, ನಾಲ್ವರಿಗೆ ನಾಲ್ಕು. ಒಂದೇ ಗಂಟೆ ಬುಕ್ ಮಾಡಿ ನಾಲ್ವರು ಹೋದರೆ ಐದನೇ ಹೋಲ್‌ಗೆ ಮನೆ ದಾರಿ. ಕ್ಲಬ್ ಒರೆಸಿಕೊಂಡು ಬನ್ನಿ, ಗೀರುಬಿದ್ದ ಹಳೇ ಚೆಂಡು ತರಬೇಡಿ. ಪರದೆ ಹರಿಯುವುದು ಅದರಿಂದಲೇ.