ದುರ್ಗಿಗುಡಿ ಇಮ್ಯುನಾಲಜಿ ಟ್ಯೂಷನ್, ನಾಲ್ಕು ಭಾನುವಾರ ಕೂತು ಬಂದ್ಮೇಲೆ ಬರೀತಿದೀನಿ

ಶಿವಮೊಗ್ಗ ದುರ್ಗಿಗುಡಿ ಹತ್ರ ಒಂದು ಮಹಡಿ ಮೇಲೆ ರಿಟೈರ್ಡ್ ಮೇಡಂ ಒಬ್ರು ಎಮ್ಮೆಸ್ಸಿ ಹುಡುಗ್ರಿಗೆ ಇಮ್ಯುನಾಲಜಿ, ಅಂದ್ರೆ ದೇಹದ ರೋಗನಿರೋಧಕ ಶಕ್ತಿ ಪಾಠ, ಹೇಳ್ಕೊಡ್ತಾರೆ, ಬೋರ್ಡೂ ಇಲ್ಲ ಹೆಸ್ರೂ ಇಲ್ಲ, ನಾಲ್ಕು ಭಾನುವಾರಕ್ಕೆ 1200 ರೂಪಾಯಿ. ನಂಗೆ ಆಂಟಿಬಾಡಿ (ರೋಗಾಣು ಹಿಡಿಯೋ ಪ್ರೋಟೀನು) ಜೀನ್ ರೆಗ್ಯುಲೇಶನ್, ಅಂದ್ರೆ ಆ ಜೀನು ಹೆಂಗೆ ಆನ್ ಆಗುತ್ತೆ ಅನ್ನೋದು, ತಲೆಗೇ ಹತ್ತಿರ್ಲಿಲ್ಲ, ಅದಕ್ಕೇ ಸೇರಿದ್ದು.

ಎರಡನೇ ವಾರ ಮಳೆಗೆ ಕರೆಂಟ್ ಹೋಗಿತ್ತು. ಮೇಡಂ ಕಿಟಕಿ ಹತ್ರ ಕೂತು ಒಂದು ಸೆಣಬಿನ ಹುರಿ ತೆಗೆದ್ರು, ಅದಕ್ಕೆ ಗೋಟಡಿಕೆ ತೂತು ಮಾಡಿ ಸಾಲಾಗಿ ಪೋಣಿಸಿದ್ರು, ಆ ತುದೀಲಿ ಒಂದು ಕೆಂಪು ದಾರ. ಹುರಿ ಅಂದ್ರೆ ಡಿಎನ್‌ಎ, ಒಂದೊಂದು ಅಡಿಕೆ ಒಂದೊಂದು ವಿ ಜೀನು (ಆಂಟಿಬಾಡಿ ಜೀನಿನ ಒಂದು ತುಣುಕು), ಪ್ರತಿಯೊಂದಕ್ಕೂ ಅದರದ್ದೇ ಪ್ರೊಮೋಟರ್ (ಜೀನ್ ಓದೋದು ಶುರುವಾಗೋ ಜಾಗ) ಇದೆ, ಕೆಂಪು ದಾರ ಎನ್‌ಹ್ಯಾನ್ಸರ್ (ಆ ಓದನ್ನ ಜೋರು ಮಾಡೋ ತುಣುಕು), ದೂರ ಇರೋವರ್ಗೂ ಪ್ರೊಮೋಟರ್ ಹೆಚ್ಚುಕಮ್ಮಿ ಸುಮ್ನಿರುತ್ತೆ. ಆಮೇಲೆ ಮಧ್ಯದ ಹುರಿ ಕಚಕ್ ಅಂತ ಕತ್ತರಿಸಿ ಗಂಟು ಹಾಕಿದ್ರು, ಒಂದು ಅಡಿಕೆ ಕೆಂಪು ದಾರದ ಪಕ್ಕಕ್ಕೇ ಬಂತು. ಕತ್ತರಿ ಅಂದ್ರೆ ರ್ಯಾಗ್ ಎಂಜೈಮು. ಅಂದ್ರೆ ಜೀನ್ ಕತ್ತರಿಸಿ ಜೋಡಿಸೋ ಕೆಲ್ಸಾನೇ ಅದನ್ನ ಜೋರಾಗಿ ಆನ್ ಮಾಡೋ ಕೆಲ್ಸಾನೂ ಹೌದು! ಜಪಾನಿನ ವಿಜ್ಞಾನಿ ಟೊನೆಗಾವಾಗೆ 1987ರಲ್ಲಿ ನೊಬೆಲ್ ಬಂದಿದ್ದು ಈ ಜೋಡಣೆ ತೋರಿಸಿದ್ದಕ್ಕೆ ಅಂತ ಬಾಯಿಪಾಠ ಇತ್ತು, ಅವತ್ತೇ ಅರ್ಥ ಆಗಿದ್ದು.

ಜೀನ್ ಆನ್ ಮಾಡೋ ಎನ್‌ಎಫ್ ಕಪ್ಪಾ ಬಿ ಅನ್ನೋ ಪ್ರೋಟೀನಿನ ಹೆಸರಲ್ಲಿರೋ ಕಪ್ಪಾ ಅಂದ್ರೆ ಕಪ್ಪಾ ಲೈಟ್ ಚೈನ್ (ಆಂಟಿಬಾಡಿಯ ಚಿಕ್ಕ ಸರಪಳಿ) ಜೀನಿನ ಎನ್‌ಹ್ಯಾನ್ಸರೇ, ಅದಕ್ಕೆ ಅಂಟೋ ಈ ಪ್ರೋಟೀನನ್ನ 1986ರಲ್ಲಿ ವಿಜ್ಞಾನಿಗಳಾದ ರಂಜನ್ ಸೇನ್, ಬಾಲ್ಟಿಮೋರ್ ಗುರುತಿಸಿದ್ದು, ಇದೂ ಅಲ್ಲೇ ಗೊತ್ತಾಗಿದ್ದು.

ನಮ್ದು ಸೊರಬದ ಕಡೆ. 1957ರಲ್ಲಿ ಮಂಗನ ಕಾಯಿಲೆ ಮೊದ್ಲು ಪತ್ತೆ ಆಗಿದ್ದು ನಮ್ಮ ಕ್ಯಾಸನೂರು ಕಾಡಲ್ಲೇ, ಹಂಗಾಗಿ ಐಜಿಎಂ (ಸೋಂಕಾದಾಗ ಮೊದ್ಲು ಬರೋ ಆಂಟಿಬಾಡಿ) ಟೆಸ್ಟ್ ಅನ್ನೋ ಮಾತು ಚಿಕ್ಕಂದಿಂದ ಕೇಳಿದೀನಿ. ಐಜಿಎಂ ಯಾಕೆ ಮೊದ್ಲು ಬರುತ್ತೆ ಅಂತ ಕೇಳಿದ್ದಕ್ಕೆ ಮೇಡಂ ಅದೇ ಹುರಿ ತೋರಿಸಿದ್ರು, ಜೋಡಣೆ ಆದ ತುಣುಕಿನ ಪಕ್ಕದಲ್ಲೇ ಇರೋದು ಐಜಿಎಂಗೆ ಬೇಕಾದ ಮ್ಯೂ ಜೀನು, ಆಮೇಲೆ ಬರೋ ಐಜಿಜಿ ಅನ್ನೋ ಆಂಟಿಬಾಡಿ ಬೇಕಾದ್ರೆ ಎಐಡಿ ಎಂಜೈಮ್ ಬಂದು ಇನ್ನೊಂದ್ಸಲ ಕತ್ತರಿಗೆ ದಾರಿ ಮಾಡ್ಬೇಕು. ಅದೇ ಐಜಿಎಂ ಸೆಲ್ ಮೈಮೇಲೆ ಅಂಟ್ಕೊಂಡಿರ್ಬೇಕೋ ಹೊರಗೆ ಸುರೀಬೇಕೋ ಅನ್ನೋದು ಆರ್‌ಎನ್‌ಎ (ಜೀನಿನ ನಕಲು) ತುದಿ ಎಲ್ಲಿ ಕಟ್ ಆಗುತ್ತೆ ಅನ್ನೋದ್ರ ಮೇಲೆ, ಇದನ್ನ ಕೇಳಿ ನಂಗೆ ನಿಜಕ್ಕೂ ಮೈ ಜುಮ್ ಅಂತು.

ಜೆರಾಕ್ಸ್ ನೋಟ್ಸ್ ಮಾತ್ರ ಮಸುಕು, ಚಿತ್ರಗಳು ಓದೋಕೇ ಆಗಲ್ಲ, ಬೆಂಚೂ ಕಮ್ಮಿ, ಬೇಗ ಹೋಗಿ ಜಾಗ ಹಿಡೀಬೇಕು. ಇನ್ನೊಂದು ಬೇಜಾರು, ಎರಡು ಕ್ರೋಮೋಸೋಮ್ ಇದ್ರೂ ಆಂಟಿಬಾಡಿ ಮಾಡೋ ಒಂದು ಬಿ ಸೆಲ್ಲಲ್ಲಿ ಒಂದರ ಆಂಟಿಬಾಡಿ ಜೀನೇ ಯಾಕೆ ಕೆಲ್ಸ ಮಾಡುತ್ತೆ ಅನ್ನೋದನ್ನ ಕೊನೇ ದಿನ ಹತ್ತೇ ನಿಮಿಷದಲ್ಲಿ ಮುಗಿಸಿದ್ರು. ಅದಕ್ಕೆ ಇನ್ನೊಂದು ಭಾನುವಾರ, ಇನ್ನೊಂದು ಹುರಿ ಬೇಕಿತ್ತು ಮೇಡಂ, ನಾನು ಖಂಡಿತ ಬರ್ತೀನಿ.